ಟಗರಿನ ಹಣೆಗೆ ಗುದ್ದಿದ ಕೈ

ಇವತ್ತು ಶಿರಾಳಕೊಪ್ಪ ಸಂತೆಯಲ್ಲಿ ಒಂದು ಮಗು ಟಗರುಮರಿಯ ಹಣೆಗೆ ಅಂಗೈಯಿಟ್ಟು ತಳ್ಳುತ್ತಿತ್ತು. ಸುತ್ತಲಿದ್ದವರು ನಗುತ್ತಿದ್ದರು. ನನಗೆ ನಗು ಬರಲಿಲ್ಲ.

ನಾನೂ ಚಿಕ್ಕವಳಿದ್ದಾಗ ಒಂದು ಟಗರುಮರಿ ಸಾಕಿದ್ದೆ. ಹೆಸರು ಕೆಂಚ. ಅಪ್ಪ ಹೊಡೆದಾಗಲೆಲ್ಲ ಲಂಗದಲ್ಲಿ ಕಣ್ಣೊರೆಸಿಕೊಂಡು ಹಟ್ಟಿಗೆ ಹೋಗಿ ಕೆಂಚನ ಹಣೆಗೆ ಗುದ್ದುತ್ತಿದ್ದೆ. ಅಪ್ಪನಿಗೆ ಗುದ್ದಲು ಆಗುತ್ತಿರಲಿಲ್ಲವಲ್ಲ!

"ಹಣೆ ಮುಟ್ಟಬ್ಯಾಡವ್ವಾ, ಹಾಯೋದು ಕಲೀತೈತಿ. ಮುದ್ದು ಬಂದ್ರೆ ಗದ್ದ ಕೆರಿ," ಅನ್ನುತ್ತಿದ್ದಳು ಅಜ್ಜಿ. ಅವಳಿಗೆ ಅದು ಆಟವಾಗಿ ಕಂಡಿತ್ತು.

ನಾನು ಬಿಡಲಿಲ್ಲ. ಕೊಬ್ಬಿ ಬೆಳೆದ ಕೆಂಚ ಒಂದು ಬೆಳಿಗ್ಗೆ, ಸೊಪ್ಪು ಹಾಕಲು ಬಗ್ಗಿದ್ದ ಅಜ್ಜಿಗೇ ಹಾಯ್ದು ಅವಳ ಸೊಂಟ ಮುರಿಯಿತು.

"ಹುಟ್ಟಾ ಸೊಕ್ಕಿಂದು ಇದು! ಮನ್ಯಾಗೆ ಇರಬಾರ್ದು," ಎಂದು ಅಪ್ಪ ಕಟುಕನನ್ನು ಕರೆಸಿದ.

ನಾನೇ ಕಲಿಸಿದ್ದು ಎಂದಿದ್ದರೆ ನನಗೆ ನಾಲ್ಕು ಏಟು ಬೀಳುತ್ತಿದ್ದವು, ಕೆಂಚ ಉಳಿಯುತ್ತಿತ್ತೇನೋ. ನಾನು ಬಾಯಿ ಬಿಡಲಿಲ್ಲ. ಕಟುಕ ಹಗ್ಗ ಹಿಡಿದು ಎಳೆದರೂ ಅದು ನನ್ನ ಕಡೆಗೇ ತಿರುಗಿ ಅರಚುತ್ತಿತ್ತು.

ದೊಡ್ಡವಳಾಗಿ ಹೋರಾಟಕ್ಕಿಳಿದ ಮೇಲೆ, ಗಲಾಟೆಯಲ್ಲಿ ಕಲ್ಲೆತ್ತಿದ ಹುಡುಗರ ರಕ್ತವೇ ಕೆಟ್ಟದ್ದು ಎಂದವರಿಗೆಲ್ಲ, "ಇವರನ್ನು ಮೊದಲು ಹೊಡೆದವರು ಯಾರು, ಅದನ್ನು ಹೇಳ್ರೀ!" ಎಂದು ಎಷ್ಟೋ ಧರಣಿಗಳಲ್ಲಿ ಕೂಗಿದ್ದೇನೆ. ಅಪ್ಪ ಇನ್ನೂ ಇದ್ದಾನೆ. ಕೆಂಚನ ಹಣೆಗೆ ಗುದ್ದಿದ್ದು ಯಾರು, ಯಾಕೆ ಎಂದು ಅವನಿಗೆ ಮಾತ್ರ ಈವರೆಗೂ ಹೇಳಿಲ್ಲ.