ತಾನಾಗಿ ಬಂದ ನಾಯಿ

ವರ್ಷಗಳನ್ನು ಹನ್ನೆರಡು ಪ್ರಾಣಿಗಳ ಸುತ್ತಿನಲ್ಲಿ ಎಣಿಸುವ ಆ ನಾಡಿನಲ್ಲಿ ನಾಯಿಯ ವರ್ಷದಲ್ಲಿ ಹುಟ್ಟಿದ ಕಾರಣ ತಂದೆ ಅವನಿಗೆ ಆ ವರ್ಷದ ಹೆಸರನ್ನೇ ಇಟ್ಟು ತುವತ್ ಎಂದು ಕರೆದರು. ಮುಂದೆ ಅವನು ನಾಯಿಮಾಂಸದ ಅಂಗಡಿ ತೆರೆದಾಗ ಸೆನ್ ಹಳ್ಳಿಯವರಿಗೆ ಆಡಿಕೊಳ್ಳಲು ಇಷ್ಟೇ ಸಾಕಾಯಿತು. ಹೊಟ್ಟೆಪಾಡಿಗೆ ತನ್ನ ದಾಯಾದಿಗಳನ್ನೇ ಕೊಚ್ಚುತ್ತಾನೆ ಎಂದು ನಗುತ್ತಿದ್ದರು. ತುವತ್ ತಾನೂ ನಗುತ್ತಿದ್ದ. ನಕ್ಕವರೇ ಅಮಾವಾಸ್ಯೆ ಹತ್ತಿರ ಬಂದಾಗ ಅವನ ಚಾಪೆಯ ಮೇಲೆ ಕಾಲು ಮಡಚಿ ಕೂರುತ್ತಿದ್ದರು.

ತಿಂಗಳ ಕೊನೆಯಲ್ಲಿ ನಾಯಿಮಾಂಸ ತಿಂದರೆ ಆ ತಿಂಗಳು ಅಂಟಿದ ಕೇಡೆಲ್ಲ ಕಳೆಯುತ್ತದೆ. ಅದನ್ನೇ ಪಾಡ್ಯದ ದಿನ ತಿಂದರೆ ತಿಂಗಳಿಡೀ ಶನಿ ಬೆನ್ನು ಹತ್ತುತ್ತದೆ. ಆದ್ದರಿಂದ ಶುಕ್ಲಪಕ್ಷದಲ್ಲಿ ತುವತನ ಒಲೆ ತಣ್ಣಗಿರುತ್ತಿತ್ತು; ಕೃಷ್ಣಪಕ್ಷದಲ್ಲಿ ಸುಟ್ಟ ಹುಲ್ಲಿನ ವಾಸನೆಯೂ ಕೊಳೆಸಿದ ಸಿಗಡಿಯ ಗೊಜ್ಜಿನ ಘಾಟೂ ನದಿಯ ಏರಿಯವರೆಗೆ ಹರಡುತ್ತಿದ್ದವು. ಹೆಂಡತಿ ಲುವಾ ಗಿರಾಕಿಗಳಿಗೆ ಅನ್ನ ಬೇಯಿಸಿ ಬಡಿಸುತ್ತಿದ್ದಳೇ ಹೊರತು ಮಾಂಸವನ್ನು ಬಾಯಿಗಿಟ್ಟವಳಲ್ಲ. ಆಕೆ ಅಮ್ಮನವರ ಗುಡಿಗೆ ನಡೆದುಕೊಳ್ಳುವವಳು. ಗಂಡ ತಿನ್ನುವುದಕ್ಕೆ ಆಕೆಯ ಅಡ್ಡಿಯಿರಲಿಲ್ಲ, ಆಕೆ ತಿನ್ನದಿರುವುದಕ್ಕೆ ಅವನದೂ ಇರಲಿಲ್ಲ. ಆ ಊರಿನ ಎಷ್ಟೋ ಮನೆಗಳು ಹಾಗೆಯೇ ಇದ್ದವು. ಬಾಗಿಲು ಕಾಯುವ ನಾಯಿಗೆ ಮುದ್ದಿನ ಹೆಸರಿಟ್ಟು ಅನ್ನ ಹಾಕುವರು. ತಿಂಗಳ ಕೊನೆಗೆ ತುವತನ ಅಂಗಡಿಗೂ ಬರುವರು. ಬಟ್ಟಲಿನಲ್ಲಿರುವುದು ಬೇರೆ ಯಾವುದೋ ಊರಿನ ನಾಯಿ ಎಂಬುದು ಎಲ್ಲರ ನಂಬಿಕೆ.

ಆ ನಂಬಿಕೆ ಅಲುಗಾಡತೊಡಗಿದ್ದು ಹಳ್ಳಿಗಳಲ್ಲಿ ನಾಯಿಗಳು ಕಾಣೆಯಾಗಲು ಶುರುವಾದ ಮೇಲೆ. ಬೈಕಿನಲ್ಲಿ ಇಬ್ಬರು ಬರುವರು, ತಂತಿಯ ಉರುಳು ಬೀಸುವರು, ಧೂಳು ಅಡಗುವಷ್ಟರಲ್ಲಿ ಮಾಯವಾಗುವರು. ಪಕ್ಕದ ಗಾವ್ ಹಳ್ಳಿಯಲ್ಲಿ ಸಿಕ್ಕಿಬಿದ್ದ ಒಬ್ಬನನ್ನು ಜನ ಮೂಳೆ ಮುರಿಯುವಂತೆ ಹೊಡೆದು ಅವನ ಬೈಕನ್ನು ಸುಟ್ಟಿದ್ದರು. ಅಂದಿನಿಂದ ಗಿರಾಕಿಗಳು ತುವತನ ಅಂಗಡಿಗೆ ಬಂದರೂ ತುತ್ತು ಎತ್ತುವ ಮುಂಚೆ ಒಮ್ಮೆ ಅವನ ಮುಖ ನೋಡುತ್ತಿದ್ದರು. ಎದುರು ಮನೆಯ ಹ್ವೆ ಅಜ್ಜಿ ಹಿಂದಿನ ವರ್ಷ ತನ್ನ ನಾಯಿ ಕರಿಯನನ್ನು ಕಳೆದುಕೊಂಡಿದ್ದಳು. ಆಕೆ ಅವನೊಡನೆ ಮಾತು ಬಿಟ್ಟಿರಲಿಲ್ಲ, ಆದರೆ ತಟ್ಟೆಯಿಂದ ಎಲೆ ಅಡಿಕೆ ಕೊಡುವುದನ್ನು ಬಿಟ್ಟಿದ್ದಳು.

ಹೀಗಿರುವಾಗ ಒಂದು ಬಿದಿಗೆಯ ಬೆಳಿಗ್ಗೆ ಹಳದಿ ಬಣ್ಣದ ಹೆಣ್ಣು ನಾಯಿಯೊಂದು ನೆಟ್ಟಗೆ ಅವನ ಅಂಗಳಕ್ಕೆ ಬಂದು ಮಾಂಸ ಕೊಚ್ಚುವ ಕೊರಡಿನ ನೆರಳಿನಲ್ಲಿ ಮಲಗಿತು.

ತುವತ್ ಕೈಯಲ್ಲಿದ್ದ ಪೊರಕೆಯನ್ನು ಹಾಗೆಯೇ ಹಿಡಿದು ನಿಂತ. ಅವನು ಬೀದಿಗಿಳಿದರೆ ಸಾಕು, ಊರಿನ ನಾಯಿಗಳೆಲ್ಲ ದೂರದಿಂದಲೇ ವಾಸನೆ ಹಿಡಿದು ಬೊಗಳುತ್ತಿದ್ದವು, ಹತ್ತಿರ ಹೋದರೆ ಬಾಲ ಮುದುರಿ ಓಡುತ್ತಿದ್ದವು. ಅಂಥದ್ದರಲ್ಲಿ ಇದು ಕೊರಡಿನ ಪಕ್ಕದಲ್ಲೇ ಮಲಗುವುದೆಂದರೇನು? ಯಾರೋ ತಂದು ಬಿಟ್ಟಿರಬೇಕು. ಮಧ್ಯಾಹ್ನ ಹತ್ತು ಜನರನ್ನು ಕಟ್ಟಿಕೊಂಡು ಬಂದು, ನಮ್ಮ ನಾಯಿ ಇಲ್ಲಿದೆ, ಕಳ್ಳ ಸಿಕ್ಕ ಎನ್ನಲು ಹೂಡಿದ ಆಟವಿರಬೇಕು. ಅವನು ಬೇಲಿಯತ್ತ ಕಣ್ಣು ಹಾಯಿಸಿದ. ಹ್ವೆ ಅಜ್ಜಿ ತನ್ನ ಜಗಲಿಯಲ್ಲಿ ಕುಳಿತು ಅಡಿಕೆ ಕತ್ತರಿಸುತ್ತಿದ್ದಳು. ಕತ್ತರಿ ಆಡುತ್ತಿತ್ತು, ಕಣ್ಣು ಮಾತ್ರ ಈ ಅಂಗಳದಲ್ಲಿತ್ತು.

ಓಡಿಸಲು ಪೊರಕೆ ಎತ್ತಿದರೆ ಲುವಾ ಬಂದು ಕೈ ಹಿಡಿದಳು. ಬೆಕ್ಕು ಬಂದರೆ ಬಡತನ, ನಾಯಿ ಬಂದರೆ ಸಿರಿ ಎಂಬ ಹಿರಿಯರ ಮಾತನ್ನು ಅವನಿಗೆ ನೆನಪಿಸಿದಳು. ತಾನಾಗಿ ಬಂದ ನಾಯಿಯನ್ನು ಓಡಿಸಿದವರು ಉದ್ಧಾರವಾಗಿದ್ದನ್ನು ಆಕೆ ಕಂಡಿರಲಿಲ್ಲ.

"ಸಿರಿ ಬರೋದಕ್ಕೆ ಊರಲ್ಲಿ ಬೇರೆ ಮನೆ ಇರ್ಲಿಲ್ವಾ?" ಎಂದ ತುವತ್.

"ಅದಕ್ಕೆ ನಿಮ್ಮ ಕಸುಬು ಗೊತ್ತಿಲ್ಲ, ಪಾಪ," ಎಂದು ಲುವಾ ಅನ್ನ ತರಲು ಒಳಗೆ ಹೋದಳು.

ನಾಯಿ ಅನ್ನ ತಿನ್ನುವಾಗ ತುವತ್ ಬಗ್ಗಿ ನೋಡಿದ. ಕುತ್ತಿಗೆಯ ಸುತ್ತ ಕೂದಲು ಕಿತ್ತುಹೋಗಿ ಕೆಂಪು ಗೆರೆಯೊಂದು ಬಿದ್ದಿತ್ತು. ಹಗ್ಗದ ಗಾಯ ಅಗಲವಾಗಿರುತ್ತದೆ, ಇದು ತಂತಿಯದು. ಇಂಥ ಗೆರೆ ಅವನಿಗೆ ಹೊಸದಾಗಿರಲಿಲ್ಲ. ಎಷ್ಟೋ ಸಲ ಕಂಡಿದ್ದ, ಕಂಡು ನೀರು ಕಾಯಲು ಇಟ್ಟಿದ್ದ. ಈಗ ಅದು ಅನ್ನ ತಿನ್ನುವ ಕುತ್ತಿಗೆಯಲ್ಲಿ ಕಂಡಾಗ ಅವನಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಅಂದು ಯಾರೂ ಬರಲಿಲ್ಲ. ಬಾರದಿದ್ದುದೇ ಅವನ ಅನುಮಾನವನ್ನು ಹೆಚ್ಚಿಸಿತು. ನಾಯಿಯನ್ನು ಕಟ್ಟಿದರೆ ಕದ್ದವನೆನಿಸಿಕೊಳ್ಳಬೇಕು, ಬಿಟ್ಟರೆ ಇನ್ನಾರೋ ಕದ್ದು ಹೆಸರು ಇವನಿಗೇ ಬರಬೇಕು.

ಮರುದಿನ ಬೈಕಿನ ಸದ್ದಾಯಿತು. ಬಂದವನು ಸುವು. ಎಷ್ಟೋ ವರ್ಷಗಳಿಂದ ತುವತನಿಗೆ ನಾಯಿಗಳನ್ನು ತಂದುಕೊಡುವ ವ್ಯಾಪಾರಿ. ಅವನು ಬರುವುದು ಹುಣ್ಣಿಮೆ ಕಳೆದ ಮೇಲೆ. ತದಿಗೆಯ ದಿನ ಬಂದದ್ದು ಅದೇ ಮೊದಲು. ಅವನನ್ನು ಕಂಡದ್ದೇ ತಡ, ನಾಯಿ ಕೊರಡಿನ ಹಿಂದೆ ಸರಿದು ನೆಲಕ್ಕೆ ಅಂಟಿಕೊಂಡಿತು.

ಸುವು ಚಹಾ ಕುಡಿದ, ಭತ್ತದ ಬೆಳೆ ವಿಚಾರಿಸಿದ. ಆಮೇಲೆ ಏನೂ ಅಲ್ಲವೆಂಬಂತೆ, ಏರಿಯ ತಿರುವಿನಲ್ಲಿ ಪಂಜರದ ಬಾಗಿಲು ಕಳಚಿ ಹಳದಿ ನಾಯಿಯೊಂದು ಜಿಗಿದು ಹೋಯಿತು, ಈ ಕಡೆ ಬಂತೇ ಎಂದು ಕೇಳಿದ. ಕೊರಡಿನತ್ತ ನೋಡಿ ತಾನೇ ನಕ್ಕ.

"ಅದು ಯಾರ ನಾಯಿ, ಸುವು?"

ಸುವು ಬಟ್ಟಲು ಕೆಳಗಿಟ್ಟ. "ಯಾಕಣ್ಣ, ಹುಷಾರಿಲ್ವಾ? ಇಷ್ಟು ವರ್ಷದಲ್ಲಿ ಒಂದು ದಿನಾನೂ ಕೇಳ್ದೋನಲ್ಲ ನೀನು."

"ಈಗ ಕೇಳ್ತಾ ಇದೀನಿ."

"ಗಾವ್ ಕಡೇದು. ಸಾಕಾ? ಇನ್ನು ಕೊಡು, ಬಿಸಿಲೇರೋ ಮುಂಚೆ ಹೊರಡ್ಬೇಕು."

"ಹೋದ ವರ್ಷ ತಂದಿದ್ದು ಯಾರ್ದು?"

"ಅಣ್ಣ," ಎಂದ ಸುವು, ದನಿ ತಗ್ಗಿಸಿ, "ಆ ಲೆಕ್ಕ ಬಿಚ್ಚಿದ್ರೆ ನಿನ್ನ ಬಾಣಲೆ ಮುಚ್ಚಳಾನೂ ತೆಗೀಬೇಕಾಗುತ್ತೆ."

ಲುವಾ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಳು. ಸುವು ನಾಯಿಯತ್ತ ಹೆಜ್ಜೆ ಹಾಕಿದಾಗ ತುವತ್ ಅಡ್ಡ ನಿಂತು, ಇದು ನನ್ನ ಮನೆಗೆ ತಾನಾಗಿ ಬಂದ ನಾಯಿ, ಇದನ್ನು ನಿನ್ನ ಪಂಜರಕ್ಕೆ ಕೊಡಲಾರೆ ಎಂದ. ಸುವು ಅವನನ್ನು ದಿಟ್ಟಿಸಿ ನೋಡಿ, ಮುಂದಿನ ಹುಣ್ಣಿಮೆಗೆ ನನ್ನ ದಾರಿ ಕಾಯಬೇಡ ಎಂದು ಬೈಕು ಹತ್ತಿದ.

ನಾಯಿಯನ್ನು ಗಾವ್ ಹಳ್ಳಿಗೆ ಮುಟ್ಟಿಸಬೇಕಿತ್ತು. ಗೋಣಿಯಲ್ಲಿ ಹಾಕಿ ಸೈಕಲ್ಲಿನಲ್ಲಿ ಒಯ್ದು ಊರ ಹೊರಗೆ ಬಿಟ್ಟುಬರಬಹುದಿತ್ತು. ಆದರೆ ಗೋಣಿಯಲ್ಲಿ ನಾಯಿ ಹೊತ್ತ ತುವತ್ ಯಾರ ಕಣ್ಣಿಗಾದರೂ ಬಿದ್ದರೆ ಮುಂದಿನದನ್ನು ಯೋಚಿಸುವ ಅಗತ್ಯವೇ ಇರುತ್ತಿರಲಿಲ್ಲ. ಲುವಾ ತನ್ನ ಹಳೆಯ ಸೊಂಟಪಟ್ಟಿ ತಂದು ನಾಯಿಗೆ ಸಡಿಲವಾಗಿ ಕಟ್ಟಿ, ತುದಿಯನ್ನು ಅವನ ಕೈಗಿತ್ತಳು. ಹಾಡಹಗಲಿನಲ್ಲಿ ಅವನು ನಾಯಿಯೊಡನೆ ಬೀದಿಗಿಳಿದ.

ಬೀದಿಯ ನಾಯಿಗಳು ಬೊಗಳಿದವು. ನಾಯಿಗಳು ಬೊಗಳಿದ್ದಕ್ಕೆ ಜನ ಹೊರಬಂದರು. ಯಾರೋ, ದಾಯಾದಿಯೊಡನೆ ಸವಾರಿ ಎಲ್ಲಿಗೆ ಎಂದು ಕೇಳಿದರೂ ಯಾರೂ ನಗಲಿಲ್ಲ. ಹ್ವೆ ಅಜ್ಜಿ ಅಡಿಕೆ ಕತ್ತರಿಯನ್ನು ಮಡಿಲಿಗೆ ಹಾಕಿಕೊಂಡು ಜಗಲಿಯಿಳಿದು ಹಿಂದೆಯೇ ನಡೆದಳು. ಗದ್ದೆಯ ಬದು ದಾಟಿ ಗಾವ್ ಹಳ್ಳಿಯ ಮೊದಲ ಓಣಿ ಬಂದಾಗ ನಾಯಿ ಸೊಂಟಪಟ್ಟಿಯನ್ನು ಜಗ್ಗತೊಡಗಿತು. ತುವತ್ ಅದರ ಹಿಂದೆ ಹೆಚ್ಚುಕಡಿಮೆ ಓಡಬೇಕಾಯಿತು. ಎದುರಿಗೆ ಕೋಲು, ಸನಿಕೆ ಹಿಡಿದ ಗಂಡಸರು ಬರುತ್ತಿದ್ದರು. ಅವರಿಗೆ ಕಂಡದ್ದು ತಮ್ಮೂರ ನಾಯಿಯನ್ನು ಕಟ್ಟಿ ಹಿಡಿದ ನಾಯಿಮಾಂಸದವನು.

ತಡಿಕೆ ಬಾಗಿಲು ತೆರೆದು ಥಾಮ್ ಎಂಬ ಹೆಂಗಸು ಓಡಿಬಂದು ನಾಯಿಯ ಕುತ್ತಿಗೆ ತಬ್ಬಿಕೊಂಡಳು. ಮೊದಲ ಕೋಲು ತುವತನ ಭುಜಕ್ಕೆ ಬಿತ್ತು. ಅವನು ಕೈ ಅಡ್ಡ ಹಿಡಿಯಲಿಲ್ಲ. ಇನ್ನೊಂದು ಬೀಳುವ ಮೊದಲೇ ಹ್ವೆ ಅಜ್ಜಿ ನಡುವೆ ಬಂದಳು.

"ಹೊಡೀರಂತೆ, ಎಲ್ಲಿಗೆ ಹೋಗ್ತಾನೆ ಅವ್ನು," ಎಂದಳು. "ಮೊದ್ಲು ಅವ್ನು ಹೇಳ್ಲಿ. ಎಲ್ಲಿಂದ ಬಂತಂತೆ ಇದು?"

ಬೀದಿಯಲ್ಲಿ ಸಿಕ್ಕಿತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತುವತ್ ಸುವುವಿನ ಹೆಸರು ಹೇಳಿದ. ಅವನ ಪಂಜರದಿಂದ ತಪ್ಪಿಸಿಕೊಂಡು ಬಂದದ್ದೆಂದೂ, ಇಷ್ಟು ವರ್ಷ ತಾನು ಬೇಯಿಸಿದ್ದೆಲ್ಲ ಅದೇ ಪಂಜರದ್ದೆಂದೂ ಹೇಳಿದ. ಕೋಲು ಹಿಡಿದವರಲ್ಲೂ ಅವನ ಚಾಪೆಯ ಮೇಲೆ ಕೂತವರಿದ್ದರು. ಯಾವ ಅಮಾವಾಸ್ಯೆಯಲ್ಲಿ ಏನು ತಿಂದಿದ್ದೆವು ಎಂದು ಅವರೂ ಯೋಚಿಸುತ್ತಿರಬೇಕು.

"ಹಾಗಾದ್ರೆ ನಮ್ಮ ಕರಿಯ?" ಎಂದಳು ಅಜ್ಜಿ.

"ಗೊತ್ತಿಲ್ಲ ಅಜ್ಜಿ. ಆಗ ನಾನು ಕೇಳ್ಲಿಲ್ಲ."

"ಕೇಳ್ಬೇಕಿತ್ತು," ಎಂದು ಆಕೆ ತಿರುಗಿ ಬದುವಿನ ಮೇಲೆ ಒಬ್ಬಳೇ ನಡೆದಳು. ಅವನನ್ನು ಮತ್ತಾರೂ ಹೊಡೆಯಲಿಲ್ಲ.

ಆ ತಿಂಗಳ ಕೊನೆಗೆ ತುವತ್ ಬಾತುಕೋಳಿ ಬೇಯಿಸಿದ. ತಿಂಗಳ ಮೊದಲಲ್ಲಿ ಬಾತನ್ನೂ ತಿನ್ನಬಾರದೆಂಬ ಕಟ್ಟಳೆ ಇರುವುದರಿಂದ ಒಲೆಗೆ ಮಾತ್ರ ಹಳೆಯ ರಜೆಯೇ ಉಳಿಯಿತು. ಗಿರಾಕಿಗಳು ಅರ್ಧಕ್ಕಿಂತ ಕಡಿಮೆಯಾದರು. ನಾಯಿಮಾಂಸ ಬೇಕೆಂದವರು ಏರಿಯಾಚೆಯ ಅಂಗಡಿಗೆ ಹೋದರು. ಇಲ್ಲಿಗೆ ಬಂದವರು ಬಟ್ಟಲಿನ ಮೂಳೆಯನ್ನು ಊಟದ ಕಡ್ಡಿಯಿಂದ ತಿರುಗಿಸಿ ತಿರುಗಿಸಿ ನೋಡಿದರು. ತುವತ್ ರೆಕ್ಕೆಯನ್ನೂ ಕಾಲನ್ನೂ ಕೊಚ್ಚದೆ ಇಡಿಯಾಗಿ ಮೇಲಿಟ್ಟು ಬಡಿಸುವುದನ್ನು ರೂಢಿ ಮಾಡಿಕೊಂಡ.

ಬಹಳ ದಿನಗಳ ಮೇಲೆ ಹ್ವೆ ಅಜ್ಜಿ ಒಂದು ಮಧ್ಯಾಹ್ನ ಬಂದು ಚಾಪೆಯ ಅಂಚಿನಲ್ಲಿ ಕುಳಿತಳು. ಬಟ್ಟಲು ಮುಂದೆ ಬಂದರೂ ಕಡ್ಡಿ ಎತ್ತಿಕೊಳ್ಳಲಿಲ್ಲ.

"ಇದು ಯಾರ ಬಾತು?"

ತುವತ್ ಹೆಗಲ ಮೇಲಿನ ಬಟ್ಟೆ ತೆಗೆದು ಎದುರಿಗೆ ಕುಳಿತ. ಯಾವ ಕೆರೆಯದು, ಸಾಕಿದವರು ಯಾರು, ಅವರ ಹೆಂಡತಿ ಯಾವ ಊರಿನವಳು, ಎಂದು ಮೊದಲಿನಿಂದ ಹೇಳತೊಡಗಿದ. ಬಟ್ಟಲು ಆರುತ್ತಿತ್ತು. ಅಜ್ಜಿ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದಳು. ಆಮೇಲೆ ರೆಕ್ಕೆಯ ತುದಿಯಿಂದ ಒಂದು ಚೂರು ಕಿತ್ತು, ಮೊದಲು ಮೂಸಿ ನೋಡಿದಳು.