ಜಾವಾದಿಂದ ಡಚ್ಚರು ಹೋಗುವವರೆಗೆ

ಮಾವನವರ ತುಟಿಗಳ ನಡುವೆ ಸದಾ ನಾಲ್ಕೈದು ಲಾಳದ ಮೊಳೆಗಳಿರುತ್ತಿದ್ದವು. ಎತ್ತನ್ನು ಕೆಡವಿ, ಕಾಲು ಬಿಗಿದು, ಗೊರಸಿಗೆ ಲಾಳ ಹೊಡೆಯುವಾಗ ಬಾಯಿಂದ ಒಂದೊಂದೇ ಮೊಳೆ ತೆಗೆದುಕೊಳ್ಳುವರು. ಮೊಳೆ ಕಚ್ಚಿಕೊಂಡೇ ಎತ್ತಿನವನನ್ನು ಬೈಯುವರು, ನನ್ನನ್ನು ನೀರು ಕೇಳುವರು. ಮದುವೆಯಾಗಿ ಮತ್ತಿಗಿರಿಗೆ ಬಂದ ಹೊಸದರಲ್ಲಿ ಆ ಮಾತು ಒಂದಕ್ಷರವೂ ತಿಳಿಯದೆ ಪೆಚ್ಚಾಗಿ ನಿಲ್ಲುತ್ತಿದ್ದೆ. ಅವರು ನಗುವರು, ಮೊಳೆ ಮಾತ್ರ ಬೀಳುತ್ತಿರಲಿಲ್ಲ.

ಅವರ ಒಬ್ಬನೇ ಮಗ, ನನ್ನ ಗಂಡ, ಮದುವೆಯಾದ ವರ್ಷವೇ ಪಟಾಲಮಿಗೆ ಸೇರಿದ. ಹೇಸರಗತ್ತೆ ನೋಡಿಕೊಳ್ಳುವ ಕೆಲಸ. ಮಹಾಯುದ್ಧ ಮುಗಿಯಿತು, ಇನ್ನೇನು ಬಂದ ಎನ್ನುವಷ್ಟರಲ್ಲಿ ಅವನನ್ನು ಜಾವಾಕ್ಕೆ ಕಳಿಸಿದರು. ಜೊತೆಗಿದ್ದ ಕೃಷ್ಣಗಿರಿಯವನೊಬ್ಬ ಮನೆಗೆ ಬಂದು, “ಅಲ್ಲಿ ಪಟ್ನಕ್ಕೆ ಬೆಂಕಿ ಬಿದ್ದ ದಿನ ಕತ್ತೆ ಹಿಡ್ಕೊಂಡು ಹೋದೋನು, ಆಮ್ಯಾಕೆ ಕಾಣ್ಲಿಲ್ಲ” ಎಂದಷ್ಟೇ ಹೇಳಿ ಹೋದ. ಜಾವಾ ಡಚ್ಚರ ಕೈಲಿದೆಯೆಂದು ಮಾವ ಎಲ್ಲೋ ಕೇಳಿದ್ದರು. ಅವರೇ ಮಗನನ್ನು ಹಿಡಿದಿಟ್ಟುಕೊಂಡಿದ್ದಾರೆಂದು ತೀರ್ಮಾನಿಸಿಬಿಟ್ಟರು.

ಗಂಡ ಸತ್ತವಳಿಗೆ ಇನ್ನೊಬ್ಬನ ಕಡೆಯಿಂದ ಸೀರೆ ಉಡಿಸಿ ಕಳಿಸುವ ಸೀರುಡಿಕೆ ನಮ್ಮಲ್ಲುಂಟು. ಆದರೆ ಸತ್ತನೆಂದು ಗಂಡನ ಮನೆಯ ಹಿರಿಯರೇ ಬಾಯಿಬಿಟ್ಟು ಹೇಳಬೇಕು. ಗುಮ್ಮಳಾಪುರದಿಂದ ನನ್ನಣ್ಣ ಬಂದು ಬಂದು ಕೇಳಿದ.

“ಡಚ್ಚರು ಹೋಗ್ಲಿ ಕಣಪ್ಪ. ಆಮ್ಯಾಲೂ ಬರ್ದಿದ್ರೆ ನಾನೇ ಕರ್ಕೊಂಡ್ ಬತ್ತೀನಿ” ಎಂದರು ಮಾವ.

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಕಾಯುತ್ತೇನೆ ಎನ್ನುತ್ತಿದ್ದೆನೇನೋ. ಗಂಡನ ಮುಖ ಮಸುಕಾಗಿತ್ತು, ನಿಜ. ಆದರೆ ಹೆಂಡತಿಯಿಲ್ಲದ ಆ ಮುದುಕರನ್ನು ಒಂಟಿ ಬಿಟ್ಟುಹೋಗಲು ನನಗೆ ಮನಸ್ಸಿರಲಿಲ್ಲ.

ಸಂಜೆ ಕಾಫಿ ಹೋಟೆಲಿನಲ್ಲಿ ಯಾರಾದರೂ ತಮಿಳು ಪೇಪರು ಓದಿ ಹೇಳುವುದನ್ನು ಮಾವ ಕೇಳಿಕೊಂಡು ಬರುವರು. ದಿಲ್ಲಿಯಲ್ಲಿ ಸುತ್ತಲ ದೇಶಗಳೆಲ್ಲ ಸೇರಿ ಜಾವಾ ಬಿಡಿ ಎಂದು ಡಚ್ಚರಿಗೆ ಹೇಳಿದವಂತೆ, ಅವರ ವಿಮಾನ ನಮ್ಮಲ್ಲಿ ಇಳಿಯಗೊಡುವುದಿಲ್ಲವಂತೆ. “ನೀರು ಬೆಂಕಿ ಕೊಡಾಕಿಲ್ಲ ಅಂತ ಊರೇ ಅಂದ್ಮ್ಯಾಲೆ ಯಾವೋನವ್ವಾ ನಿಲ್ತಾನೆ? ಹೊಂಟೋಗ್ತಾರೆ!” ಎನ್ನುತ್ತ ಅಂದು ಎರಡು ಮುದ್ದೆ ಉಂಡರು.

ವರ್ಷ ಮುಗಿಯುವ ಹೊತ್ತಿಗೆ ಡಚ್ಚರು ಬಿಡಲು ಒಪ್ಪಿದರು. ಮಾವ ಮನೆಗೆ ಸುಣ್ಣ ಬಳಿದರು. ಆ ವಾರ ಶಾಲೆಯ ಮೇಷ್ಟ್ರು ಲಾಳಕ್ಕೆಂದು ಎತ್ತು ಹೊಡೆದುಕೊಂಡು ಬಂದರು.

“ಮೇಷ್ಟ್ರೇ, ಇನ್ನ ನಮ್ಮ ಹೈದನ್ನ ಬುಡ್ತಾರೆ!”

“ಡಚ್ಚರು ಯಾಕೆ ಹಿಡೀತಾರೆ ಯಜಮಾನ್ರೇ? ನಿಮ್ಮ ಮಗ ಹೋಗಿದ್ದು ಇಂಗ್ಲಿಷಿನೋರ ಪಟಾಲಮ್ನಲ್ಲಿ. ಅವರೂ ಡಚ್ಚರೂ ಒಂದೇ ಕಡೆ. ಗುಂಡು ಹಾರ್ಸಿದ್ದು ಆ ನಾಡಿನ ಜನದ ಮೇಲೆ.”

ಮಾವ ಮೊಳೆಗಳನ್ನೆಲ್ಲ ಅಂಗೈಗೆ ಉಗುಳಿದರು. “ಅಂಗಾದ್ರೆ, ಬುಟ್ಟು ಹೋಗಿ ಅಂತ ಎಲ್ರೂ ಯಾರ್ಗೆ ಅಂದ್ರೋ, ಅವ್ರಿಗೇ ಕಾವ್ಲು ನಿಂತಿದ್ನಾ ನಮ್ಮ ಹೈದ?”

ಕೆಡವಿದ ಎತ್ತು ಬುಸುಗುಡುತ್ತಿತ್ತು. ಮಾವ ಉಳಿದ ಲಾಳಗಳನ್ನು ಹೊಡೆದು ಮುಗಿಸಿದರು. ಮತ್ತೆ ಹೋಟೆಲಿನ ಕಡೆ ಹೋಗಲಿಲ್ಲ.

ಡಚ್ಚರು ಹೊರಟ ತಿಂಗಳಲ್ಲೇ ನನ್ನನ್ನು ಗುಮ್ಮಳಾಪುರಕ್ಕೆ ಕರೆತಂದು ಹಿರಿಯರ ಮುಂದೆ ನಿಂತರು. “ನನ್ನ ಮಗ ಸತ್ತೋದ. ಈ ಮಗೀಗೆ ಸೀರೆ ಉಡುಸ್ರಪ್ಪ.” ನಾನು ಕಾಲು ಹಿಡಿದು ಅತ್ತೆ. “ಅಳ್ಬ್ಯಾಡ ಕಣವ್ವ, ಕಾಯ್ಸಿದ್ದೇ ನನ್ ತೆಪ್ಪು” ಎಂದರು. ಆ ಒಂದು ಮಾತಿನಿಂದ ನನಗೆ ಮನೆ, ಮಕ್ಕಳು ಎಲ್ಲ ಆಯಿತು. ಅವರಿಗೆ ಮಗನೂ ಇಲ್ಲ, ಸೊಸೆಯೂ ಇಲ್ಲ. ಸೀರುಡಿಕೆಯಾದವಳು ಹಳೆಯ ಹೊಸ್ತಿಲು ತುಳಿಯುವಂತಿಲ್ಲ, ನಾನು ತುಳಿಯಲಿಲ್ಲ.

ಕೆಲವು ವರ್ಷಗಳ ಮೇಲೆ ದನದ ವ್ಯಾಪಾರಿಯೊಬ್ಬ ಬಾಗಿಲಲ್ಲಿ ನಿಂತು, ಮತ್ತಿಗಿರಿಯ ಲಾಳದವರು ಜ್ವರದಲ್ಲಿ ತೀರಿಕೊಂಡರೆಂದ. ನೆರೆಯವರೇ ಹೊತ್ತರಂತೆ. ನನಗೆ ಸೂತಕವೂ ತಟ್ಟುತ್ತಿರಲಿಲ್ಲ. ಎಸರು ಕುದಿಯುತ್ತಿತ್ತು, ಹಿಟ್ಟು ಹಾಕಿದೆ. ಜಗಲಿಯ ಮೇಲೆ ಈ ಮನೆಯ ಮಾವ ಗಟ್ಟಿಮುಟ್ಟಾಗಿ ಕುಳಿತಿದ್ದರು. ಅಯ್ಯೋ ಮಾವ ಎಂದು ಬಾಯಿಬಿಟ್ಟು ಅಳುವಂತೆಯೂ ಇರಲಿಲ್ಲ.