ಚೌತಿಯ ಸಂಜೆ ಬಂದ ಚಂದ್ರಯಾತ್ರೆ

ಕಾಣುವ ಕಣ್ಣನ್ನೂ ಕಂಡದ್ದನ್ನು ತಿಳಿಸಿಕೊಡುವ ಹಿರಿಯರನ್ನೂ ಕರುಣಿಸಿದ ಬೆಟ್ಟದ ಗೋಪಾಲಸ್ವಾಮಿಗೆ ಕೈಮುಗಿದು ಇದನ್ನು ಬರೆಯುತ್ತಿದ್ದೇನೆ.

ನಾನು ಚಿಕ್ಕವಳಿದ್ದ ಕಾಲದಲ್ಲಿ ನಮ್ಮೂರು ಭೀಮನಬೀಡಿನ ನಮ್ಮ ಬೀದಿಗೆಲ್ಲ ಇದ್ದುದು ಒಂದೇ ಟಿ.ವಿ., ಪುಟ್ಟತಾಯಮ್ಮನವರ ಮನೆಯ ಕಪ್ಪು ಬಿಳುಪಿನದು. ಮನುಷ್ಯನು ಚಂದ್ರನನ್ನು ಮುಟ್ಟಿದ ಚರಿತ್ರೆಯನ್ನು ನಾಟಕವಾಗಿ ತೋರಿಸುವ ಹಿಂದಿ ಧಾರಾವಾಹಿಯೊಂದು ವಾರಕ್ಕೊಂದು ಸಂಜೆ ಬರುತ್ತಿತ್ತು. ಸಂಸ್ಕೃತ ಬಲ್ಲ ನನ್ನ ತಾತ ಆ ಹಿಂದಿಯನ್ನು ಊಹಿಸಿ ನಮಗೆ ಕನ್ನಡದಲ್ಲಿ ಹೇಳುವರು. ಉರಿದುಹೋದ ನೌಕೆಗಾಗಿ, ಹಿಂದಿರುಗದ ಯಾತ್ರಿಕರಿಗಾಗಿ ಬೀದಿಯೇ ಅತ್ತದ್ದುಂಟು. ಕಡೆಗೆ ಯಾತ್ರಿಕರು ಚಂದ್ರನ ಮೇಲಿಳಿಯುವ ಕಂತು ಬಂದಿತು. ಬಂದದ್ದು ಗಣೇಶ ಚೌತಿಯ ದಿನ!

ಚೌತಿಯ ಚಂದ್ರನನ್ನು ಕಂಡವರಿಗೆ ಕಳ್ಳತನದ ಅಪವಾದ ತಪ್ಪದೆಂಬ ಭಯ ಯಾರಿಗಿರಲಿಲ್ಲ? ಈ ಕಂತು ತಪ್ಪಿದರೆ ಮತ್ತೆ ಸಿಗುವಂತೆಯೂ ಇರಲಿಲ್ಲ. ನನಗಂತೂ ಅಂದು ಕಡುಬಿನ ಮೇಲೂ ಮನಸ್ಸಿರಲಿಲ್ಲ.

ಪುಟ್ಟತಾಯಮ್ಮನವರೇ ಉಪಾಯ ಹೇಳಿದರು. "ಟಿ.ವಿ.ಗೆ ಬೆನ್ ಮಾಡ್ಕಂಡ್ ಕುಂತ್ಕಳಿ. ಕಿವೀಲ್ ಕೇಳುದ್ರೆ ದೋಸ ಇಲ್ಲ ಕಣ್ರಪ್ಪ."

ಬೇಯಿಸಿದ ಕಡಲೆಕಾಯಿಯ ಘಮ ತುಂಬಿದ ಹಜಾರದಲ್ಲಿ ಎಲ್ಲರೂ ಗೋಡೆಗೆ ಮುಖಮಾಡಿ ಕುಳಿತೆವು.

"ಲೇ ಸಿದ್ರಾಜ, ತಿರುಗ್ಬುಟ್ಟೆ ಅಲ್ವಾ?" ಪುಟ್ಟತಾಯಮ್ಮ ಪಕ್ಕದ ಮನೆಯ ಯುವಕನನ್ನು ಹಿಡಿದರು.

"ಇಲ್ಲ ಕಣಕ್ಕ, ಕುತ್ಗೆ ಉಳುಕ್ತು!"

"ನಾಳೆ ನಮ್ಮ ಕೋಳಿ ಕಾಣ್ದೆ ಓದ್ರೆ ನಿನ್ ಮನೇಗೇ ಬತ್ತೀನಿ, ನೋಡ್ಕೊ!"

ನಗುವಿನ ನಡುವೆ ನೌಕೆಯ ಮೊರೆತ ಥಟ್ಟನೆ ನಿಂತಿತು. ಇಳಿದರೋ, ಸತ್ತರೋ? ನನಗೆ ಅಳು ಉಕ್ಕಿತು.

ಅಷ್ಟರಲ್ಲಿ ಮಂಗಳಾರತಿ ಮುಗಿಸಿ ಬಂದ ತಾತ ಬಾಗಿಲಲ್ಲೇ ನಿಂತು ನಮ್ಮ ಬೆನ್ನಿನ ಸಾಲನ್ನು ಕಂಡು ನಕ್ಕುಬಿಟ್ಟರು. "ತಿರುಗ್ರಪ್ಪ. ಚಂದ್ರನ ಮೇಲೆ ನಿಂತವರ ಆಕಾಶದಲ್ಲಿ ಚಂದ್ರ ಎಲ್ಲಿರ್ತಾನೆ? ಅಲ್ಲಿ ಕಾಣೋದು ನಮ್ಮ ಭೂಮಿ. ತಾಯಿಯ ದರ್ಶನಕ್ಕೆ ಯಾವ ತಿಥಿ ಅಡ್ಡಿ?"

"ದೋಸ ತಟ್ಟುದ್ರೆ, ಅಯ್ನೋರೆ?" ಎಂದರು ಪುಟ್ಟತಾಯಮ್ಮ.

"ತಟ್ಟಿದ್ರೆ ನನಗೆ ತಟ್ಟಲಿ, ಬಾಮ್ಮ."

ಹಜಾರವೆಲ್ಲ ತಿರುಗಿತು. ಟಿ.ವಿ.ಯಲ್ಲಿ ನೌಕೆಯ ಏಣಿಯಿಂದ ಒಂದು ಪಾದ ಅಳುಕುತ್ತ ಕೆಳಗಿಳಿಯುತ್ತಿತ್ತು. ದಿನವೂ ಹಾಸಿಗೆಯಿಂದಿಳಿಯುವ ಮುನ್ನ, ಪಾದ ಸೋಕಿಸುವುದಕ್ಕಾಗಿ ಭೂಮಿಯ ಕ್ಷಮೆ ಬೇಡುವ ಶ್ಲೋಕವನ್ನು ತಾತ ಹೇಳುತ್ತಿದ್ದರು. ಈಗಲೂ ಅದನ್ನೇ ಮೆಲ್ಲಗೆ ಹೇಳಿದರು. ನಾನು ಬೆರಗಾಗಿ ನೋಡಿದೆ.

"ಅವಸರದಲ್ಲಿ ಅವರು ಮರೆತಿರಬಹುದಲ್ಲ ಮಗು. ಅವರ ಪರವಾಗಿ ನಾನು ಕೇಳಿಕೊಂಡೆ."

ಆಮೇಲೆ ಕಪ್ಪು ಆಕಾಶದಲ್ಲಿ ಅರ್ಧ ಭೂಮಿ ಕಾಣಿಸಿತು. ಪುಟ್ಟತಾಯಮ್ಮ ಸೆರಗು ಹೊದ್ದು ಕೈಮುಗಿದರು.

ಇಂದು ಚಂದ್ರನ ನೆಲ ನನ್ನ ಮೊಬೈಲಿನಲ್ಲೇ ಇದೆ. ಬೇಕೆಂದಾಗ, ಒಬ್ಬಳೇ, ನಿರ್ಭಯವಾಗಿ ನೋಡುತ್ತೇನೆ. ದೋಷವಿದ್ದರೆ ತನಗಿರಲೆಂದು ಬಾಗಿಲಲ್ಲಿ ನಿಲ್ಲುವವರು ಮಾತ್ರ ಇಲ್ಲ.

ಹೋಗಿಬಂದವರಿಗೆ, ಹೋಗಿ ಬಾರದವರಿಗೆ, ಅವರ ಕಥೆಯನ್ನು ಆಡಿತೋರಿಸಿದವರಿಗೆ, ಬೀದಿಗೆಲ್ಲ ಬಾಗಿಲು ತೆರೆದಿಟ್ಟ ಆ ತಾಯಿಗೆ, ಕುತ್ತಿಗೆ ಉಳುಕಿದ ಸಿದ್ದರಾಜನಿಗೂ, ಭಗವಂತನು ಸದಾ ಒಳಿತನ್ನೇ ಮಾಡಲಿ.